ಅಪ್ಪನ ಇಂಜೆಕ್ಷನ್‌ಗೆ ಅರ್ಧ ದುಡ್ಡು ಮಾತ್ರ ಯಾಕೆ?

ಪ್ರಶ್ನೆ: ನಾನು ಗದಗ ಜಿಲ್ಲೆಯವಳು, ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮ ಅಪ್ಪನಿಗೆ 61 ವರ್ಷ. ಹೋದ ವರ್ಷ ಬಾಯಿ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯ್ತು. ಈಗ ಕತ್ತಿನಲ್ಲಿ ಮತ್ತೆ ಗಂಟು ಬಂದಿದೆ. ಡಾಕ್ಟರು ನಿವೊಲುಮಾಬ್ ಅನ್ನೋ ಇಮ್ಯುನೊಥೆರಪಿ ಇಂಜೆಕ್ಷನ್ ಹೇಳಿದ್ದಾರೆ. ಎರಡು ವಾರಕ್ಕೊಂದು ಸಲ, ಒಂದು ಸಲಕ್ಕೆ ಒಂದೂವರೆ ಲಕ್ಷದ ಮೇಲೆ. ನಮ್ಮದು 5 ಲಕ್ಷದ ಪಾಲಿಸಿ. ಇನ್ಶೂರೆನ್ಸ್‌ನವರು ಇದಕ್ಕೆ ಅರ್ಧ ಮಾತ್ರ ಅಂತಿದ್ದಾರೆ. ಸರ್ಕಾರಿ ಯೋಜನೆಯ ಪಟ್ಟಿಯಲ್ಲಿ ಇದು ಬರಲ್ಲ ಅಂತ ಆಸ್ಪತ್ರೆಯ ಆರೋಗ್ಯಮಿತ್ರ ಹೇಳಿದರು. ಇಂಗ್ಲೆಂಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗ "ಇಲ್ಲಿ ಇದು ಫ್ರೀ" ಅಂತಾನೆ. ನಮ್ಮಪ್ಪನ ಜೀವಕ್ಕೆ ಬೆಲೆ ಕಟ್ಟೋರು ಯಾರು? ಯಾವ ಲೆಕ್ಕದಲ್ಲಿ ಕಟ್ಟುತ್ತಾರೆ? ಎರಡು ಎಕರೆ ಹೊಲ ಇದೆ. ಮಾರಲಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಹೊಲ ಈಗಲೇ ಮಾರಬೇಡಿ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕು, ದಯವಿಟ್ಟು ಪೂರ್ತಿ ಓದಿ. ನಾನು ಕ್ಯಾನ್ಸರ್ ಡಾಕ್ಟರ್ ಅಲ್ಲ. ಒಂದು ಚಿಕಿತ್ಸೆಗೆ ಎಷ್ಟು ಖರ್ಚಾಗುತ್ತೆ, ಅದರಿಂದ ರೋಗಿಗೆ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕೋದು ನನ್ನ ಕೆಲಸ. ಹಾಗಾಗಿ ಅಪ್ಪನಿಗೆ ಯಾವ ಔಷಧ ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆ ಔಷಧದ ದುಡ್ಡಿನ ಬಗ್ಗೆ ಅವರ ಮುಂದೆ ಏನು ಕೇಳಬೇಕು ಅನ್ನೋದನ್ನು ನಾನು ಹೇಳಬಲ್ಲೆ.

ಮೊದಲು ಆ 'ಅರ್ಧ'ದ ವಿಷಯ. ನಿಮ್ಮ ಇನ್ಶೂರೆನ್ಸ್ ಕಂಪನಿಯಲ್ಲಿ ಯಾರೋ ಕೂತು ನಿಮ್ಮ ಅಪ್ಪನ ಫೈಲ್ ಓದಿ, ಈ ಔಷಧದಿಂದ ಇಷ್ಟು ಲಾಭ, ಆದ್ದರಿಂದ ಅರ್ಧ ಕೊಡೋಣ ಅಂತ ತೀರ್ಮಾನ ಮಾಡಿದ್ದಾರೆ ಅಂತ ನಿಮಗೆ ಅನಿಸಿರಬಹುದು. ಹಾಗೇನೂ ಆಗಿರಲ್ಲ. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 12 ಹೊಸ ಬಗೆಯ ಚಿಕಿತ್ಸೆಗಳ ಪಟ್ಟಿ ಮಾಡಿ ಇವನ್ನು ಪಾಲಿಸಿಯಿಂದ ಪೂರ್ತಿ ಹೊರಗೆ ಇಡೋ ಹಾಗಿಲ್ಲ ಅಂದಿತು. ರೋಬೋಟ್ ಸರ್ಜರಿ ಅದರಲ್ಲಿದೆ. ಬಾಯಲ್ಲಿ ನುಂಗುವ ಕೀಮೋ ಮಾತ್ರೆ ಇದೆ. ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಜೊತೆ ಹೋರಾಡೋ ಹಾಗೆ ಮಾಡುವ ಇಂಜೆಕ್ಷನ್ ರೂಪದ ಇಮ್ಯುನೊಥೆರಪಿಯೂ ಇದೆ. ಹೊರಗೆ ಇಡೋ ಹಾಗಿಲ್ಲ ಅಂದಮೇಲೆ ತುಂಬಾ ಪಾಲಿಸಿಗಳು ಇವಕ್ಕೆ ಇಷ್ಟೇ ಕೊಡ್ತೀವಿ ಅನ್ನೋ ಮಿತಿ, ಅಂದರೆ ಸಬ್‌ಲಿಮಿಟ್ ಹಾಕಿದವು. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲೂ ಈ 12 ಚಿಕಿತ್ಸೆಗಳಿಗೆ ವಿಮಾ ಮೊತ್ತದ 50% ಅಂತಲೇ ಇದೆ. ರೋಬೋಟ್ ಸರ್ಜರಿಗೂ ಅದೇ 50, ನಿಮ್ಮ ಅಪ್ಪನ ಇಂಜೆಕ್ಷನ್‌ಗೂ ಅದೇ 50. ಯಾವುದು ಎಷ್ಟು ಜನರನ್ನು ಎಷ್ಟು ದಿನ ಬದುಕಿಸುತ್ತೆ ಅನ್ನೋದಕ್ಕೂ ಆ ಅಂಕಿಗೂ ಸಂಬಂಧ ಇಲ್ಲ.

ಇಲ್ಲೇ ಒಂದು ವಿಷಯ ಗಮನಿಸಿ. ಅರ್ಧ ಅಂದರೆ ಯಾವುದರ ಅರ್ಧ? ಪ್ರತಿ ಬಿಲ್ಲಿನ ಅರ್ಧವಾ, ವಿಮಾ ಮೊತ್ತದ ಅರ್ಧವಾ? ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ವಿಮಾ ಮೊತ್ತದ ಅರ್ಧ ಅಂದರೆ ಎರಡೂವರೆ ಲಕ್ಷ ಮುಗಿಯೋವರೆಗೆ ಪ್ರತಿ ಬಿಲ್ಲೂ ಪೂರ್ತಿ ಬರಬೇಕು. ಆಸ್ಪತ್ರೆಯಲ್ಲಿ ಇನ್ಶೂರೆನ್ಸ್ ಕ್ಲೇಮ್ ನೋಡಿಕೊಳ್ಳೋ ಟಿಪಿಎ ಡೆಸ್ಕಿನಲ್ಲಿ ಬಾಯಿಮಾತಲ್ಲಿ ಹೇಳಿದ್ದನ್ನು ನಂಬಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಈಮೇಲಿನಲ್ಲಿ ಬರೆಸಿಕೊಳ್ಳಿ. ಕಡಿಮೆ ದುಡ್ಡು ಬಂದಿದೆ ಅಂತ ಸುಮ್ನೆ ಒಪ್ಪಿಕೊಂಡು ವಾಪಸ್ ಬಂದ ಎಷ್ಟೋ ಮನೆಯವರನ್ನು ನೋಡಿದ್ದೇನೆ, ಪಾಲಿಸಿ ತೆಗೆದು ಓದಿದರೆ ಅವರಿಗೆ ಜಾಸ್ತಿ ಬರಬೇಕಿತ್ತು.

ಈಗ ಇಂಗ್ಲೆಂಡಿಗೆ ಬರೋಣ. ಅಲ್ಲಿ ನಿಜವಾಗಿಯೂ ಒಬ್ಬರು ಕೂತು ಲೆಕ್ಕ ಹಾಕುತ್ತಾರೆ. 1999ರಲ್ಲಿ ಶುರುವಾದ ನೈಸ್ ಅನ್ನೋ ಸಂಸ್ಥೆ ಆ ಕೆಲಸ ಮಾಡುತ್ತೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಜನರ ತೆರಿಗೆ ದುಡ್ಡಿನಿಂದ ಯಾವ ಔಷಧ ಕೊಡಬೇಕು, ಯಾವುದು ಬೇಡ ಅಂತ ಅವರು ಹೇಳುತ್ತಾರೆ. ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದು ಸರಿ, ಆದರೆ ಅದರ ಹಿಂದೆ ಒಂದು ಕತೆ ಇದೆ. 2017ರಲ್ಲಿ ಇದೇ ನಿವೊಲುಮಾಬ್, ಇದೇ ಬಾಯಿ-ಗಂಟಲಿನ ಕ್ಯಾನ್ಸರ್‌ಗೆ ನೈಸ್ ಮುಂದೆ ಬಂತು. ಮೊದಲ ಕರಡಿನಲ್ಲಿ ಬೇಡ ಅಂದರು. ಔಷಧ ಕೆಲಸ ಮಾಡಲ್ಲ ಅಂತ ಅಲ್ಲ, ಆ ಬೆಲೆಗೆ ಬೇಡ ಅಂತ. ಔಷಧ ಕಂಪನಿ ಮತ್ತೆ ಮಾತುಕತೆಗೆ ಕೂತಿತು. ಅದೇ ವರ್ಷ ನವೆಂಬರ್‌ನಲ್ಲಿ ಕ್ಯಾನ್ಸರ್ ಔಷಧಗಳ ವಿಶೇಷ ನಿಧಿಯಿಂದ ಕೊಡೋಣ, ಜೊತೆಗೆ ಮಾಹಿತಿ ಕಲೆಹಾಕೋಣ ಅಂತ ಒಪ್ಪಂದ ಆಯ್ತು. 2021ರ ಅಕ್ಟೋಬರ್‌ನಲ್ಲಿ ಖಾಯಂ ಆಗಿ ಸೇರಿಸಿದರು. ಕಂಪನಿ ಕೊಟ್ಟ ರಿಯಾಯಿತಿ ಎಷ್ಟು ಅನ್ನೋದು ಗುಟ್ಟು, ಹೊರಗೆ ಹೇಳಲ್ಲ. ಬೇಡ ಅನ್ನೋ ಅಧಿಕಾರ ಇದ್ದಿದ್ದರಿಂದಲೇ ಆ ಬೆಲೆ ಇಳೀತು. ಲೆಕ್ಕ ಹಾಕೋದರ ದೊಡ್ಡ ಉಪಯೋಗ ಇದೇ ಅಂತ ನಾನು ನಂಬಿದ್ದೇನೆ. ಅದರ ಬಲ ಎಲ್ಲಾ ಇರೋದು ಕಂಪನಿ ಜೊತೆ ಚೌಕಾಸಿಗೆ ಕೂತಾಗ. ಇಲ್ಲಿ ನೀವು ಒಬ್ಬರೇ ಕೌಂಟರ್ ಮುಂದೆ ನಿಂತಿದ್ದೀರಿ, ನಿಮ್ಮ ಪರವಾಗಿ ಚೌಕಾಸಿ ಮಾಡೋರು ಯಾರೂ ಇಲ್ಲ. ಇದು ಅನ್ಯಾಯ, ನಿಮ್ಮ ಸಿಟ್ಟು ನ್ಯಾಯವಾದದ್ದು.

ಲೆಕ್ಕ ಹೇಗೆ? ಅದರ ಅಳತೆಗೋಲಿಗೆ ಕ್ವಾಲಿ ಅನ್ನುತ್ತಾರೆ. ಪೂರ್ತಿ ಆರೋಗ್ಯವಾಗಿ ಕಳೆದ ಒಂದು ವರ್ಷ ಅಂದರೆ 1 ಕ್ವಾಲಿ. ಅರ್ಧ ಆರೋಗ್ಯದಲ್ಲಿ ಎರಡು ವರ್ಷ ಬದುಕಿದರೂ 1 ಕ್ವಾಲಿ. ಅಂದರೆ ಎಷ್ಟು ದಿನ ಬದುಕಿದರು ಅನ್ನೋದನ್ನು, ಹೇಗೆ ಬದುಕಿದರು ಅನ್ನೋದರಿಂದ ಗುಣಿಸುತ್ತಾರೆ. ಅರ್ಧ ಆರೋಗ್ಯ ಅಂತ ಯಾರು ಹೇಳೋದು? ಅದಕ್ಕೆ ಐದು ಪ್ರಶ್ನೆಗಳ ಒಂದು ಹಾಳೆ ಇದೆ, ಇಕ್ಯೂ-5ಡಿ ಅಂತ. ಓಡಾಡೋಕೆ ಆಗುತ್ತಾ, ಸ್ನಾನ-ಬಟ್ಟೆ ತಾವೇ ಮಾಡಿಕೊಳ್ತಾರಾ, ದಿನದ ಕೆಲಸ ನಡೆಯುತ್ತಾ, ನೋವು ಎಷ್ಟಿದೆ, ಆತಂಕ-ಬೇಸರ ಎಷ್ಟಿದೆ. ಒಂದೊಂದಕ್ಕೂ ಐದು ಹಂತದ ಉತ್ತರ. ಜೊತೆಗೆ 0ಯಿಂದ 100ರವರೆಗೆ ಥರ್ಮಾಮೀಟರ್ ಥರ ಒಂದು ಗೆರೆ. ಇವತ್ತು ನಿಮ್ಮ ಆರೋಗ್ಯ ಈ ಗೆರೆ ಮೇಲೆ ಎಲ್ಲಿದೆ ಅಂತ ತೋರಿಸಬೇಕು.

ಈ ಹಾಳೆ ಹಿಡಿದುಕೊಂಡು ನಾನು ಇಳಕಲ್ ಕಡೆ ಮನೆಮನೆಗೆ ಹೋಗಿದ್ದೆ. ಒಂದು ಮನೆಯಲ್ಲಿ ನೇಕಾರ ಅಜ್ಜಿ, ಎರಡೂ ಮಂಡಿ ನೋವು. ಗೆರೆ ತೋರಿಸಿ ಕೇಳಿದೆ. ಅಜ್ಜಿ ಹಾಳೆ ನೋಡಿದರು, ನನ್ನ ಮುಖ ನೋಡಿದರು. "ಮುಂಜಾನಿದು ಹೇಳ್ಲೋ ಸಂಜಿದು ಹೇಳ್ಲೋ?" ಅಂದರು. ಇವತ್ತಿನದು ಒಟ್ಟಾರೆ ಹೇಳಿ ಅಂದೆ. "ಎದ್ದಾಗ ನಲ್ವತ್ತು ಅನ್ಕೋರಿ. ಮಗ್ಗದ ಮುಂದ ಕುಂತ್ರ ಎಪ್ಪತ್ತು." ನಾನು ನಡುವೆ ಹಿಡಿದು ಐವತ್ತೈದು ಬರೆದುಕೊಂಡೆ. ಆ ಐವತ್ತೈದು ಆಮೇಲೆ ನನ್ನನ್ನು ತುಂಬಾ ದಿನ ಕಾಡಿತು. ಕೆಲಸಕ್ಕೆ ಕೂತಾಗ ಮಂಡಿ ನೋವು ಮರೆಯೋ ಆ ಹೆಂಗಸಿನ ದಿನ ನನ್ನ ಹಾಳೆಯಲ್ಲಿ ಎಲ್ಲಿ ಬಂತು?

ನಿಮ್ಮ ಅಪ್ಪನ ವಿಷಯಕ್ಕೆ ಇದು ನೇರ ಮುಟ್ಟುತ್ತೆ. ಆ ಐದು ಪ್ರಶ್ನೆಗಳನ್ನು ಮತ್ತೆ ಓದಿ. ಊಟ ಇಲ್ಲ. ಮಾತು ಇಲ್ಲ. ಬಾಯಿ ಕ್ಯಾನ್ಸರ್ ಆದವರಿಗೆ ಮೊದಲು ಹೋಗೋದು ಇವೆರಡೇ ಅಲ್ವಾ? ರೊಟ್ಟಿ ಅಗಿಯೋಕೆ ಆಗಲ್ಲ, ಅಂಬಲಿ ಕುಡಿದರೆ ಮೂಲೆಯಿಂದ ಸೋರುತ್ತೆ, ಅದಕ್ಕೇ ಮದುವೆ ಮನೆ ಊಟಕ್ಕೆ ಕೂರಲ್ಲ. ನೆರೆಮನೆಯವರಿಗೆ ಮಾತು ತಿಳಿಯಲ್ಲ ಅಂತ ಕಟ್ಟೆ ಮೇಲೆ ಕೂರೋದನ್ನೂ ಬಿಡುತ್ತಾರೆ. ತಲೆ-ಕತ್ತಿನ ಕ್ಯಾನ್ಸರ್‌ಗೆ ಅಂತಲೇ ಬೇರೆ ಪ್ರಶ್ನಾವಳಿಗಳಿವೆ, ಅದರಲ್ಲಿ ನುಂಗೋದು, ಜೊಲ್ಲು, ಮಾತು, ನಾಲ್ಕು ಜನರ ಮುಂದೆ ಉಣ್ಣೋದು ಎಲ್ಲ ಕೇಳುತ್ತಾರೆ. ಆದರೆ ದುಡ್ಡು ಕೊಡಬೇಕೋ ಬೇಡವೋ ಅನ್ನೋ ಲೆಕ್ಕಕ್ಕೆ ಹೋಗೋದು ಜಾಸ್ತಿ ಆ ಐದೇ ಪ್ರಶ್ನೆ. ಎಲ್ಲ ಕಾಯಿಲೆಗೂ ಒಂದೇ ಅಳತೆ ಬೇಕು ಅನ್ನೋದು ಅದಕ್ಕೆ ಕಾರಣ. ಕಾರಣ ಸರಿಯೇ. ಆದರೂ ನಮ್ಮ ಊರುಗಳಲ್ಲಿ ಇಷ್ಟು ಜಾಸ್ತಿ ಇರೋ ಕ್ಯಾನ್ಸರ್‌ಗೆ ಆ ಅಳತೆ ಸಾಲದು ಅಂತ ನಾನು ಸಿಕ್ಕ ಕಡೆಯೆಲ್ಲ ಹೇಳುತ್ತಲೇ ಇದ್ದೇನೆ.

ಈಗ ಒಂದು ಲೆಕ್ಕ ಮಾಡೋಣ. ಅರ್ಥ ಆಗಲಿ ಅಂತ ನಾನೇ ಅಂಕಿಗಳನ್ನು ಇಡುತ್ತಿದ್ದೇನೆ, ಇವು ಯಾವ ಅಧ್ಯಯನದ್ದೂ ಅಲ್ಲ. ಹಳೆ ಚಿಕಿತ್ಸೆಗೆ ಒಟ್ಟು 2 ಲಕ್ಷ ಖರ್ಚು, ಅದರಿಂದ ಸರಾಸರಿ 0.4 ಕ್ವಾಲಿ ಸಿಗುತ್ತೆ ಅಂತಿಟ್ಟುಕೊಳ್ಳಿ. ಹೊಸದಕ್ಕೆ 20 ಲಕ್ಷ, ಸಿಗೋದು 0.7. ಹೆಚ್ಚಿಗೆ ಖರ್ಚು 18 ಲಕ್ಷ, ಹೆಚ್ಚಿಗೆ ಸಿಕ್ಕಿದ್ದು 0.3. ಭಾಗಿಸಿದರೆ ಒಂದು ಕ್ವಾಲಿಗೆ 60 ಲಕ್ಷ. ಅಷ್ಟೇ, ಇಡೀ ವಿದ್ಯೆಯ ತಿರುಳು ಈ ಒಂದು ಭಾಗಾಕಾರ. ಉಳಿದದ್ದೆಲ್ಲ 0.4, 0.7 ಅನ್ನೋ ಅಂಕಿಗಳನ್ನು ಸರಿಯಾಗಿ ಹುಡುಕೋ ಕೆಲಸ, ಅದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ.

60 ಲಕ್ಷ ಜಾಸ್ತಿಯೋ ಕಡಿಮೆಯೋ? ಒಂದು ಕ್ವಾಲಿಗೆ ಇಷ್ಟರವರೆಗೆ ಕೊಡಬಹುದು ಅನ್ನೋ ಒಂದು ಗೆರೆ ಬೇಕು. ಇಂಗ್ಲೆಂಡಿನಲ್ಲಿ ಎರಡು ದಶಕ ಆ ಗೆರೆ 20,000ದಿಂದ 30,000 ಪೌಂಡ್ ಇತ್ತು, ಸಾವಿನ ಹತ್ತಿರ ಇರೋರ ಔಷಧಕ್ಕೆ 2009ರಿಂದ ಕೆಲವು ವರ್ಷ 50,000ದವರೆಗೂ ಹೋಗುತ್ತಿದ್ದರು. ಥಾಯ್ಲೆಂಡಿನಲ್ಲಿ 1,60,000 ಬಾತ್. ನಮ್ಮಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ ಇಂಥ ಲೆಕ್ಕ ಹಾಕೋ ಎಚ್‌ಟಿಎಐಎನ್ ಅನ್ನೋ ಸಂಸ್ಥೆ ಇದೆ. ಅವರು ಸಾಮಾನ್ಯವಾಗಿ ದೇಶದ ತಲಾ ಜಿಡಿಪಿಯನ್ನು, ಅಂದರೆ ದೇಶದ ವರ್ಷದ ಉತ್ಪನ್ನದಲ್ಲಿ ಒಬ್ಬರ ಪಾಲಿಗೆ ಬರೋ ಸರಾಸರಿಯನ್ನು, ಗೆರೆ ಅಂತ ಹಿಡಿಯುತ್ತಾರೆ, ಈಗಿನ ಲೆಕ್ಕದಲ್ಲಿ ಎರಡೂವರೆ ಲಕ್ಷದ ಆಸುಪಾಸು. 60 ಲಕ್ಷ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ. ಹಾಗಾದರೆ ಬಡ ದೇಶದವರ ಒಂದು ವರ್ಷಕ್ಕೆ ಕಡಿಮೆ ಬೆಲೆಯಾ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಗೆರೆ ಹೇಳೋದು ಜೀವದ ಬೆಲೆ ಬಗ್ಗೆ ಅಲ್ಲ, ಖಜಾನೆಯಲ್ಲಿ ಎಷ್ಟಿದೆ ಅನ್ನೋದರ ಬಗ್ಗೆ. ಆರೋಗ್ಯಕ್ಕೆ ಅಂತ ಇಟ್ಟ ದುಡ್ಡು ಒಂದು ಕೊಡ. ನಿಮ್ಮ ಅಪ್ಪನಿಗೆ ಅಂತ ಬೊಗಸೆ ನೀರು ತೆಗೆದರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ ಆಗುತ್ತೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದರು. ಎನ್‌ಎಚ್‌ಎಸ್ ತನ್ನ ಮಾಮೂಲಿ ಕೆಲಸದಲ್ಲಿ ಸುಮಾರು 13,000 ಪೌಂಡಿಗೆ ಒಂದು ಕ್ವಾಲಿ ಉಳಿಸುತ್ತಿದೆ ಅಂತ ಅವರಿಗೆ ಕಂಡಿತು. ಹೊಸ ಔಷಧಕ್ಕೆ 30,000 ಕೊಟ್ಟಾಗಲೆಲ್ಲ ಎಲ್ಲೋ ಒಂದು ಕಡೆ ಎರಡಕ್ಕಿಂತ ಜಾಸ್ತಿ ಕ್ವಾಲಿ ಕಳೆದುಹೋಗುತ್ತೆ ಅಂತ ಆಯ್ತು. ಹೀಗೆ ಕಳೆದುಕೊಂಡೋರು ಯಾರು ಅಂತ ಯಾರಿಗೂ ಗೊತ್ತಾಗಲ್ಲ, ಅವರು ಪತ್ರ ಬರೆದು ಕೇಳೋದೂ ಇಲ್ಲ.

ಆದರೆ ಈ ಭಾಗಾಕಾರವನ್ನೇ ದೇವರು ಮಾಡಿಕೊಂಡರೂ ಕಷ್ಟ. ಅಮೆರಿಕದ ಒರೆಗಾನ್ ರಾಜ್ಯ ಬಡವರ ವಿಮೆಗೆ 1990ರಲ್ಲಿ ಹೀಗೆ ಲೆಕ್ಕ ಹಾಕಿ ಚಿಕಿತ್ಸೆಗಳ ಪಟ್ಟಿ ಮಾಡಿತು. ಹಲ್ಲಿಗೆ ಕ್ಯಾಪ್ ಹಾಕೋದು ಪಟ್ಟಿಯಲ್ಲಿ ಮೇಲೆ ಬಂತು, ಗರ್ಭ ನಾಳದಲ್ಲಿ ಕಟ್ಟಿ ಜೀವಕ್ಕೇ ಅಪಾಯ ಆದಾಗ ಮಾಡೋ ಆಪರೇಷನ್ ಅದರ ಕೆಳಗೆ! ಹಲ್ಲಿನ ಕೆಲಸ ಅಗ್ಗ, ಅದಕ್ಕೇ ಭಾಗಿಸಿದಾಗ ಮೇಲೆ ಬಂತು. ಜನ ಒಪ್ಪಲಿಲ್ಲ, ಪಟ್ಟಿಯನ್ನು ಮತ್ತೆ ಮಾಡಬೇಕಾಯ್ತು. ಅಂಗವಿಕಲರು ಎತ್ತಿದ ಆಕ್ಷೇಪ ಇನ್ನೂ ದೊಡ್ಡದು: ನಾವು ಮೊದಲಿಂದಲೇ ನಡೆಯಲಾರೆವು ಅಂತ ನಮ್ಮ ವರ್ಷಗಳನ್ನು ಕಡಿಮೆ ಎಣಿಸ್ತೀರಾ? ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆ ಮುದಿಯರ ವಿಮೆಯಲ್ಲಿ ಯಾರಿಗೆ ಏನು ಕೊಡಬೇಕು ಅಂತ ತೀರ್ಮಾನಿಸೋಕೆ ಇಂಥ ಗೆರೆ ಬಳಸೋದಕ್ಕೆ ತಡೆ ಹಾಕಿದೆ.

ಥಾಯ್ಲೆಂಡಿನವರು ನಡೆದುಕೊಂಡ ರೀತಿ ನನಗೆ ತುಂಬಾ ಹಿಡಿಸುತ್ತೆ. ಡಯಾಲಿಸಿಸ್ ಅವರ ಗೆರೆಗಿಂತ ಮೇಲಿತ್ತು, ಹೊಟ್ಟೆಯ ಮೂಲಕ ಮಾಡೋದೂ, ಮಿಷಿನ್‌ನಲ್ಲಿ ಮಾಡೋದೂ ಎರಡೂ. ಲೆಕ್ಕದ ಪ್ರಕಾರ ಬೇಡ ಅನ್ನಬೇಕಿತ್ತು. ಆದರೆ ಡಯಾಲಿಸಿಸ್‌ಗೆ ಅಂತ ಮನೆಮಠ ಮಾರಿಕೊಂಡು ಬೀದಿಗೆ ಬೀಳೋರನ್ನು ಅವರು ಕಣ್ಣಾರೆ ನೋಡುತ್ತಿದ್ದರು. 2008ರಲ್ಲಿ ಎಲ್ಲರಿಗೂ ಕೊಡೋಣ ಅಂತ ತೀರ್ಮಾನಿಸಿದರು, ಮೊದಲು ಹೊಟ್ಟೆಯ ಮೂಲಕ ಮಾಡೋದನ್ನೇ ಕೊಡೋಣ ಅಂತ. ಲೆಕ್ಕ ಗೊತ್ತಿದ್ದೂ ಅದನ್ನು ದಾಟಿದರು, ಯಾಕೆ ದಾಟಿದೆವು ಅಂತ ಜನರಿಗೆ ಹೇಳಿದರು. ನಿಮ್ಮ ಎರಡು ಎಕರೆ ಇಲ್ಲೇ ಬರುತ್ತೆ. ಹೊಲ ಹೋದರೆ ಮನೆಯವರ ಓದು, ಮದುವೆ, ವಯಸ್ಸಾದ ಕಾಲ ಎಲ್ಲಕ್ಕೂ ಪೆಟ್ಟು. ಆ ನಷ್ಟ ಅಪ್ಪನ ಕ್ವಾಲಿಯಲ್ಲಿ ಕಾಣಿಸಲ್ಲ. ಮನೆಯವರು ಕೈಯಿಂದ ಹಾಕೋ ಖರ್ಚನ್ನೂ ಸೇರಿಸಿ ಲೆಕ್ಕ ಮಾಡಿ ಅಂತ ನಮ್ಮ ಎಚ್‌ಟಿಎಐಎನ್ ಹೇಳುತ್ತೆ, ಒಳ್ಳೆಯ ವಿಷಯ.

ಈಗ ನಿಮ್ಮ ಅಪ್ಪನ ಔಷಧಕ್ಕೆ ಬರುತ್ತೇನೆ. ಇದನ್ನು ನಿಧಾನಕ್ಕೆ ಓದಿ.

ಕೀಮೋ ಕೊಟ್ಟಮೇಲೂ ಮರಳಿ ಬಂದ ತಲೆ-ಕತ್ತಿನ ಕ್ಯಾನ್ಸರ್‌ಗೆ ನಿವೊಲುಮಾಬ್ ಕೊಟ್ಟು ನೋಡಿದ ದೊಡ್ಡ ಪ್ರಯೋಗ 2016ರಲ್ಲಿ ಪ್ರಕಟವಾಯ್ತು. 361 ರೋಗಿಗಳು. ಮಾಮೂಲಿ ಔಷಧ ತಗೊಂಡವರಲ್ಲಿ ಅರ್ಧ ಜನ 5.1 ತಿಂಗಳು ದಾಟಿದರು, ನಿವೊಲುಮಾಬ್ ತಗೊಂಡವರಲ್ಲಿ ಅರ್ಧ ಜನ 7.5 ತಿಂಗಳು ದಾಟಿದರು. ಎರಡೂವರೆ ತಿಂಗಳು ಕೂಡ ಪೂರ್ತಿ ಇಲ್ಲ. ಇದನ್ನು ಓದಿ ಎದೆ ಒಡೀಬೇಡಿ, ಯಾಕಂದರೆ ನಡುವಿನ ಅಂಕಿ ಒಂದನ್ನೇ ನೋಡಿದರೆ ಈ ಔಷಧ ಅರ್ಥ ಆಗಲ್ಲ. ಒಂದು ವರ್ಷದ ಕೊನೆಗೆ ಮಾಮೂಲಿ ಔಷಧದವರಲ್ಲಿ 16.6% ಬದುಕಿದ್ದರು, ಇವರಲ್ಲಿ 36%. ತುಂಬಾ ಜನಕ್ಕೆ ಏನೂ ಆಗಲ್ಲ, ಕೆಲವರಿಗೆ ತುಂಬಾ ಚೆನ್ನಾಗಿ ಹಿಡಿಯುತ್ತೆ. ಜೋರಾದ ಅಡ್ಡ ಪರಿಣಾಮವೂ ಕಡಿಮೆ: 13% ಜನಕ್ಕೆ ಬಂತು, ಮಾಮೂಲಿ ಔಷಧದಲ್ಲಿ 35% ಜನಕ್ಕೆ. ನಿಮ್ಮ ಅಪ್ಪ ಯಾವ ಗುಂಪಿಗೆ ಸೇರುತ್ತಾರೆ ಅಂತ ಮೊದಲ ಇಂಜೆಕ್ಷನ್ ದಿನ ಯಾರೂ ಖಚಿತವಾಗಿ ಹೇಳಲಾರರು. ಆದರೆ ಕೆಲವು ಡೋಸ್ ಆದಮೇಲೆ ಸ್ಕ್ಯಾನ್ ಮಾಡಿ ನೋಡಬಹುದು.

ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರುಗಳು ಇಲ್ಲಿ ಬೇರೆಯೇ ಒಂದು ಪ್ರಶ್ನೆ ಕೇಳಿದರು. ನಮ್ಮ ರೋಗಿಗಳಲ್ಲಿ ಪೂರ್ತಿ ಡೋಸ್ ಕೊಳ್ಳಬಲ್ಲವರು ಬೆರಳೆಣಿಕೆಯಷ್ಟು. ಡೋಸನ್ನೇ ಇಳಿಸಿದರೆ? ಇಂಥ ಔಷಧ ಒಂದು ಮಟ್ಟ ದಾಟಿದ ಮೇಲೆ ಜಾಸ್ತಿ ಕೊಟ್ಟರೆ ಜಾಸ್ತಿ ಕೆಲಸ ಮಾಡುತ್ತೆ ಅಂತೇನಿಲ್ಲ ಅನ್ನೋ ಸುಳಿವು ಮೊದಲೇ ಇತ್ತು. 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೆಥೊಟ್ರೆಕ್ಸೇಟ್, ಸೆಲಿಕಾಕ್ಸಿಬ್, ಎರ್ಲೋಟಿನಿಬ್ ಅನ್ನೋ ನುಂಗುವ ಮಾತ್ರೆಗಳು. ಇನ್ನೊಂದಕ್ಕೆ ಅದೇ ಮಾತ್ರೆ, ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್. ಒಂದು ವರ್ಷಕ್ಕೆ ಬದುಕಿದ್ದವರು ಮೊದಲ ಗುಂಪಿನಲ್ಲಿ 16.3%, ಎರಡನೆಯದರಲ್ಲಿ 43.4%. 2022ರಲ್ಲಿ ಇದು ಪ್ರಕಟವಾದಾಗ ನಾನು ಆ ಅಂಕಿಗಳನ್ನು ಮೂರು ಸಲ ಓದಿದೆ.

ಪೂರ್ತಿ ಡೋಸ್ ಅಂದರೆ ಸಾಮಾನ್ಯವಾಗಿ ಎರಡು ವಾರಕ್ಕೆ 240 ಮಿಲಿಗ್ರಾಂ. ಆರು ವಾರಕ್ಕೆ ಮೂರು ಸಲ, ಒಟ್ಟು 720. ಟಾಟಾದವರ ಲೆಕ್ಕದಲ್ಲಿ ಆರು ವಾರಕ್ಕೆ ಎರಡು ಸಲ, ಒಟ್ಟು 40. ಹದಿನೆಂಟರಲ್ಲಿ ಒಂದು ಪಾಲು! ಮೇಲಿನ ನನ್ನ ಭಾಗಾಕಾರಕ್ಕೆ ವಾಪಸ್ ಹೋಗಿ. ಹೆಚ್ಚಿಗೆ ಖರ್ಚು 18 ಲಕ್ಷದ ಬದಲು 1 ಲಕ್ಷ, ಸಿಗೋದು ಅದೇ 0.3 ಅಂತಿಟ್ಟುಕೊಂಡರೆ ಒಂದು ಕ್ವಾಲಿಗೆ ಮೂರು ಲಕ್ಷ ಚಿಲ್ಲರೆ. ಅದೇ ಔಷಧ. 60 ಲಕ್ಷ ಇದ್ದದ್ದು ಗೆರೆಯ ಹತ್ತಿರಕ್ಕೆ ಬಂದು ಕೂತಿತು. ಔಷಧಕ್ಕೆ ಇಂತಿಷ್ಟೇ ಬೆಲೆ ಬಾಳುತ್ತೆ ಅಂತ ಅದರ ಮೈಮೇಲೆ ಬರೆದಿಲ್ಲ. ಎಷ್ಟು ಕೊಡ್ತೀವಿ, ಎಷ್ಟಕ್ಕೆ ಕೊಳ್ತೀವಿ, ಯಾರಿಗೆ ಕೊಡ್ತೀವಿ, ಯಾವಾಗ ನಿಲ್ಲಿಸ್ತೀವಿ ಅನ್ನೋದರ ಮೇಲೆ ಅದು ಬದಲಾಗುತ್ತೆ.

ಒಂದು ಎಚ್ಚರಿಕೆ ಹೇಳಲೇಬೇಕು. ಟಾಟಾದವರು ಕಡಿಮೆ ಡೋಸನ್ನು ಪೂರ್ತಿ ಡೋಸಿನ ಎದುರು ಇಟ್ಟು ನೋಡಲಿಲ್ಲ, ಬರೀ ಮಾತ್ರೆಗಳ ಎದುರು ಇಟ್ಟು ನೋಡಿದರು. ಎರಡೂ ಒಂದೇ ಅಂತ ಇದರಿಂದ ಹೇಳೋಕೆ ಬರಲ್ಲ. ಬರೀ ಮಾತ್ರೆಗಳಿಗಿಂತ ಇದು ಬಹಳ ಮೇಲು ಅಂತ ಧೈರ್ಯವಾಗಿ ಹೇಳಬಹುದು. ಹಾಗೆಯೇ ಅದೇ ತಂಡ 2020ರಲ್ಲಿ 422 ರೋಗಿಗಳಲ್ಲಿ ಮೆಥೊಟ್ರೆಕ್ಸೇಟ್, ಸೆಲಿಕಾಕ್ಸಿಬ್ ಅನ್ನೋ ಹಳೆಯ ಅಗ್ಗದ ಮಾತ್ರೆಗಳನ್ನು ಡ್ರಿಪ್‌ನಲ್ಲಿ ಕೊಡುವ ಸಿಸ್ಪ್ಲಾಟಿನ್ ಅನ್ನೋ ಕೀಮೋ ಎದುರು ಇಟ್ಟಿತು. ಮಾತ್ರೆಯವರಲ್ಲಿ ಅರ್ಧ ಜನ 7.5 ತಿಂಗಳು ದಾಟಿದರು, ಡ್ರಿಪ್‌ನವರಲ್ಲಿ ಅರ್ಧ ಜನ 6.1 ತಿಂಗಳು. ಅಗ್ಗವೂ ಹೌದು, ಮೇಲೂ ಹೌದು, ಮನೆಯಲ್ಲೇ ನುಂಗಬಹುದು. ಇಂಥದ್ದು ಸಿಕ್ಕಾಗ ಯಾವ ಗೆರೆಯೂ ಬೇಕಿಲ್ಲ.

ಸರ್ಕಾರಿ ಪಟ್ಟಿಯ ಬಗ್ಗೆ ಎರಡು ಮಾತು. ಒಂದೊಂದು ಚಿಕಿತ್ಸೆಗೆ ಆಸ್ಪತ್ರೆಗೆ ಇಷ್ಟು ಅಂತ ಸರ್ಕಾರ ನಿಗದಿ ಮಾಡೋ ಪ್ಯಾಕೇಜ್ ರೇಟ್ ಆಕಾಶದಿಂದ ಬೀಳಲ್ಲ, ಬೀಳಬಾರದು. ಹಿಂದೆ ಒಂದು ಜಿಲ್ಲಾ ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ ನಾನು ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದೆ. ಒಬ್ಬ ರೋಗಿಗೆ ನರ ಹುಡುಕೋಕೆ ಸಿಸ್ಟರ್‌ಗೆ ಎಷ್ಟು ನಿಮಿಷ, ಎಷ್ಟು ಸೂಜಿ, ಎಷ್ಟು ಹತ್ತಿ, ಎಷ್ಟು ಸಲೈನ್, ಹಾಸಿಗೆ ಎಷ್ಟು ಗಂಟೆ ಹಿಡೀತು. ಕೈ ತುಂಬಾ ಸೊರಗಿದವರಿಗೆ ನರ ಸಿಗೋಕೆ ಮೂರು ಪಟ್ಟು ಹೊತ್ತು ಆಗುತ್ತಿತ್ತು. ಆ ಸಿಸ್ಟರ್ ಅವಸರ ಮಾಡಲೇ ಇಲ್ಲ, ಬಿಸಿ ನೀರಿನ ಬಟ್ಟೆ ಇಟ್ಟು ಕಾಯುತ್ತಿದ್ದರು. ಆ ಕಾಯೋ ಹೊತ್ತನ್ನೂ ನಾನು ಬರೆದೆ. ಹೀಗೆ ಎಣಿಸಿದರೆ ಮಾತ್ರ ರೇಟ್ ಸರಿಯಾಗುತ್ತೆ. ತುಂಬಾ ಕಡಿಮೆ ರೇಟ್ ಇಟ್ಟರೆ ಆಸ್ಪತ್ರೆಗಳು ಬೆಡ್ ಇಲ್ಲ ಅಂತ ರೋಗಿಯನ್ನು ವಾಪಸ್ ಕಳಿಸುತ್ತವೆ.

ಪಟ್ಟಿಯಲ್ಲಿ ಸೇರೋದು ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದಲ್ಲಿ ಶುರುವಾಯ್ತು. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಬಿಪಿಎಲ್ ಮನೆಗಳಿಗೆ ಉಚಿತ. ಯೋಜನೆ ಬಂದ ಹಳ್ಳಿಗಳನ್ನೂ, ಗಡಿಯ ಆಚೆ ಇನ್ನೂ ಬರದ ಹಳ್ಳಿಗಳನ್ನೂ, ಒಟ್ಟು 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಪಟ್ಟಿಯಲ್ಲಿದ್ದ ಕಾಯಿಲೆಗಳಿಂದ ಸತ್ತವರು ಯೋಜನೆ ಇದ್ದ ಬಡ ಮನೆಗಳಲ್ಲಿ 0.32%, ಇಲ್ಲದ ಕಡೆ 0.90%. ಬರೀ ಒಂದು ಪಟ್ಟಿ ಇಷ್ಟು ಜನರನ್ನು ಉಳಿಸಿತು. ಅದಕ್ಕೇ ಕಡಿಮೆ ಡೋಸ್ ನಿವೊಲುಮಾಬ್ ಪಟ್ಟಿಗೆ ಸೇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಪೂರ್ತಿ ಡೋಸ್ ಈಗಿನ ಬೆಲೆಗೆ ಸೇರಬೇಕು ಅಂತ ನಾನು ಹೇಳಲಾರೆ, ಅಷ್ಟು ದುಡ್ಡಿಗೆ ಬೇರೆ ಎಷ್ಟೋ ಬಾಯಿ ಕ್ಯಾನ್ಸರ್‌ಗಳನ್ನು ಮೊದಲ ಹಂತದಲ್ಲೇ ಕತ್ತರಿಸಿ ಗುಣ ಮಾಡಬಹುದು.

ಈಗ ನೀವು ಮಾಡಬೇಕಾದ್ದು. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನೇರವಾಗಿ ಕೇಳಿ: "ಸಾರ್, ಟಾಟಾದವರ 20 ಮಿಲಿಗ್ರಾಂ ಡೋಸ್ ನಮ್ಮಪ್ಪನಿಗೆ ಆಗುತ್ತಾ? ಜೊತೆಗೆ ಆ ಮಾತ್ರೆಗಳು?" ಹೀಗೆ ಕೇಳಿದರೆ ಅವರಿಗೆ ಅವಮಾನ ಅಲ್ಲ. ತುಂಬಾ ಕ್ಯಾನ್ಸರ್ ಡಾಕ್ಟರುಗಳಿಗೆ ಈ ಅಧ್ಯಯನ ಗೊತ್ತು, ರೋಗಿಯ ಕಡೆಯವರು ದುಡ್ಡಿನ ಮಾತು ಎತ್ತಲಿ ಅಂತ ಕಾಯುತ್ತಿರುತ್ತಾರೆ. ಚಿಕ್ಕ ವೈಲ್ 40 ಮಿಲಿಗ್ರಾಂದು ಬರುತ್ತೆ, ಒಂದೇ ದಿನ ಇಬ್ಬರು ರೋಗಿಗಳನ್ನು ಕರೆಸಿದರೆ ಒಂದರಲ್ಲೇ ಇಬ್ಬರಿಗೂ ಆಗುತ್ತೆ, ಅದನ್ನೂ ಕೇಳಿ. ಅವರಿಗೆ ಅನುಭವ ಇಲ್ಲ ಅಂದರೆ ರಿಪೋರ್ಟ್‌ಗಳನ್ನು ತಗೊಂಡು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಒಂದು ಸಲ ಹೋಗಿ ಬನ್ನಿ. ನಿಮ್ಮದು ಎಪಿಎಲ್ ಕಾರ್ಡ್ ಇದ್ದರೂ ತೋರಿಸಿ. ರಾಜ್ಯ ಸರ್ಕಾರದ ಚಿಕಿತ್ಸಾ ಯೋಜನೆಯಾದ ಆರೋಗ್ಯ ಕರ್ನಾಟಕ ಶುರುವಾದಾಗಿನ ನಿಯಮದಲ್ಲಿ ಎಪಿಎಲ್ ಮನೆಗಳಿಗೂ ಪ್ಯಾಕೇಜ್ ರೇಟಿನ 30%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಇದೆ. ಇಂಜೆಕ್ಷನ್‌ಗೆ ಬರದಿದ್ದರೂ ಬೇರೆ ಚಿಕಿತ್ಸೆಗೆ ಬರಬಹುದು.

ಇನ್ಶೂರೆನ್ಸ್‌ಗೆ ಡಾಕ್ಟರ ಕೈಯಿಂದ ಒಂದು ಪತ್ರ ಬರೆಸಿ. ಯಾವ ಔಷಧ, ಯಾಕೆ ಬೇಕು, ಎಷ್ಟು ಡೋಸ್, ನುಂಗುವ ಮಾತ್ರೆ ಯಾವುದು ಅಂತ ಸ್ಪಷ್ಟವಾಗಿ ಇರಲಿ. ಅವರ ಲೆಕ್ಕ ಪಾಲಿಸಿಗೆ ಹೊಂದದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸೋ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ವಕೀಲರು ಬೇಡ, ಫೀಸ್ ಇಲ್ಲ. ಸಬ್‌ಲಿಮಿಟ್ ಪಾಲಿಸಿಯಲ್ಲೇ ಅಚ್ಚಾಗಿದ್ದರೆ ಅವರೂ ಅದನ್ನು ಅಳಿಸಲಾರರು, ಅದನ್ನು ತಪ್ಪಾಗಿ ಹಾಕಿದ್ದರೆ ಸರಿ ಮಾಡಿಸಬಲ್ಲರು. ಪಾಲಿಸಿ ರಿನ್ಯೂ ತಾರೀಖು ಮಾತ್ರ ಎಷ್ಟೇ ಗಡಿಬಿಡಿಯಲ್ಲೂ ತಪ್ಪಿಸಬೇಡಿ. ಕ್ಲೇಮ್ ಮಾಡಿದ್ದೀರಿ ಅನ್ನೋ ಕಾರಣಕ್ಕೆ ರಿನ್ಯೂ ಮಾಡಲ್ಲ ಅನ್ನೋ ಹಾಗಿಲ್ಲ, ಹೊಸ ವರ್ಷಕ್ಕೆ ಹೊಸ ಮೊತ್ತ ಸಿಗುತ್ತೆ.

ಮತ್ತೆ ಅಪ್ಪನನ್ನು ಕೇಳಿ. ಇದನ್ನು ಮನೆಗಳಲ್ಲಿ ಯಾರೂ ಕೇಳಲ್ಲ, ಕೇಳಿದರೆ ಧೈರ್ಯ ಕಳಕೊಳ್ತಾರೆ ಅಂತ. ನುಂಗೋಕೆ ಎಷ್ಟು ಕಷ್ಟ ಆಗ್ತಿದೆ, ನೋವು ಎಷ್ಟಿದೆ, ಅವರಿಗೆ ಈಗ ಏನು ಬೇಕು. ನೋವಿಗೆ ಮಾರ್ಫಿನ್ ಮಾತ್ರೆ ಸಿಗುತ್ತೆ, ಅದು ಅಗ್ಗ, ಅದನ್ನು ಇಮ್ಯುನೊಥೆರಪಿ ಶುರುವಾಗಲಿ ಅಂತ ಕಾಯದೆ ಇವತ್ತೇ ಕೇಳಬಹುದು.

ಶುರು ಮಾಡೋ ಮೊದಲೇ ಡಾಕ್ಟರ ಹತ್ತಿರ ಇನ್ನೊಂದು ಮಾತು ಗಟ್ಟಿ ಮಾಡಿಕೊಳ್ಳಿ: ಎಷ್ಟು ಡೋಸ್ ಆದಮೇಲೆ ಸ್ಕ್ಯಾನ್, ಅದರಲ್ಲಿ ಏನು ಕಂಡರೆ ಮುಂದುವರಿಸೋದು, ಏನು ಕಂಡರೆ ನಿಲ್ಲಿಸೋದು. ಅದನ್ನು ಚೀಟಿಯ ಹಿಂದೆ ಅವರ ಕೈಯಲ್ಲೇ ಬರೆಸಿಕೊಳ್ಳಿ. ಕಡಿಮೆ ಡೋಸ್ ಆದರೆ ಅಲ್ಲಿವರೆಗಿನ ಖರ್ಚು ಪಾಲಿಸಿಯ ಎರಡೂವರೆ ಲಕ್ಷದೊಳಗೇ ಮುಗಿಯೋ ಸಾಧ್ಯತೆ ಇದೆ. ಆ ಸ್ಕ್ಯಾನ್ ಆಗೋವರೆಗೆ ಹೊಲದ ಕಾಗದಪತ್ರ ಮನೆಯ ಟ್ರಂಕಿನಲ್ಲೇ ಇರಲಿ.